ಒಳಗಿನಿಂದ ತೆಗೆಯಲಾಗದ ಚಿಲಕ

ಗುರುವಾರ, ಊಟವಾದ ಮೇಲೆ
ಅಂಗಡಿಯ ಕತ್ತರಿ ಮೇಜಿನಿಂದ

ನನ್ನ ಮನೆಯವಳಿಗೆ,

ಆಶೀರ್ವಾದ ಎಂದು ಶುರುಮಾಡಿದರೆ ನಿನಗೆ ಸಿಟ್ಟು ಬರುತ್ತದೆ, ನಮಸ್ಕಾರ ಎಂದರೆ ನಗು ಬರುತ್ತದೆ. ಎರಡನ್ನೂ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ತಂಗಿಯ ನಂಬರಿಗೆ ಮಾಡಿದರೆ ಷಡ್ಡಕ ಎತ್ತಿ, "ಏನಿದ್ರೂ ಬರೆದು ಕಳಿಸ್ಲಿ ಅಂತಿದ್ದಾರೆ ಅಕ್ಕ, ನಾನೇನ್ಮಾಡ್ಲಿ ಭಾವ" ಎನ್ನುತ್ತಾನೆ, ಪಾಪ, ನಡುವೆ ಸಿಕ್ಕಿಕೊಂಡವನ ದನಿಯಲ್ಲಿ. ನಾನು ನಿನಗೆ ಕೊನೆಯ ಸಲ ಪತ್ರ ಬರೆದದ್ದು ಮದುವೆಗೆ ಮುಂಚೆ. ಆಗ ಸುಳ್ಳು ಸುಲಭವಾಗಿ ಬರುತ್ತಿತ್ತು. ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದರು ಎಂದು ಅವನೇ ಹೇಳಿದ. ಬೆರಳು ಪೂರ್ತಿ ಮಡಚಲು ಬರುತ್ತದೆಯೇ?

ಕೋಳಿಗಳೆಲ್ಲ ಕ್ಷೇಮ ಎಂದು ಬೆಳಿಗ್ಗೆ ಒಂದು ಹಾಳೆ ಬರೆದೂ ಆಗಿತ್ತು. ಅದನ್ನು ಹರಿದು ಹಾಕಿದೆ. ಕೋಳಿಗಳು ಕ್ಷೇಮವಾಗಿಲ್ಲ. ಅರ್ಧಕ್ಕಿಂತ ಹೆಚ್ಚು ಇಲ್ಲವೇ ಇಲ್ಲ. ನಿಂತುಕೊಂಡು ಓದುತ್ತಿದ್ದರೆ ದಯವಿಟ್ಟು ಕೂತುಕೋ.

ಮೊದಲಿನಿಂದ ಹೇಳುತ್ತೇನೆ. ನೀನು ತಂಗಿಯ ಮನೆಗೆ ಹೋದ ಮೇಲೆ ನೀನು ಮಾಡುತ್ತಿದ್ದ ಹಾಗೆಯೇ ಎಲ್ಲ ಮಾಡಿದೆ. ಬೆಳಿಗ್ಗೆ ಬಿಟ್ಟೆ, ನುಚ್ಚು ಹಾಕಿದೆ, ನೀರಿನ ಬಾಣಲಿ ತೊಳೆದೆ, ಹೊತ್ತು ಇಳಿಯುವಾಗ ಒಳಗೆ ಸೇರಿಸಿದೆ. ಹುಂಜ ಮೇಸ್ತ್ರಿ ಮಾತ್ರ ನನ್ನನ್ನು ಕಂಡರೆ ಹೊಸ ಕೆಲಸಗಾರನನ್ನು ನೋಡುವಂತೆ ಕತ್ತು ಓರೆಮಾಡಿ ನೋಡುತ್ತಿದ್ದ. ಹೀಗೆ ಸರಿಯಾಗಿ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಅಸ್ತರು ಇರಲಿಲ್ಲ. ನಿನ್ನ ಆ ಬಿಳಿ ಹೇಂಟೆ. ಮೂಲೆಯಲ್ಲಿ ಹಿಡಿಯಷ್ಟು ಪುಕ್ಕ. ಎರಡು ದಿನ ಬಿಟ್ಟು ಇನ್ನೊಂದು ಹೋಯಿತು. ನೋಡಿದರೆ ಗೂಡಿನ ಹಿಂಬದಿಯಲ್ಲಿ, ಜಾಲರಿ ಗೋಡೆಗೆ ಸೇರುವ ಕಡೆ, ಕೆಳಗೆ ಒಂದು ತೂತು. ತಂತಿಯ ತುದಿಗೆ ಬೂದುಬಣ್ಣದ ಕೂದಲು ಸಿಕ್ಕಿಕೊಂಡಿತ್ತು. ಪಕ್ಕದ ಮನೆಯ ನರ್ಸಮ್ಮ ಗೋಡೆಯ ಮೇಲಿಂದ ನೋಡಿ, "ಕಾಡುಬೆಕ್ಕು ಅಣ್ಣ, ಅನುಮಾನವೇ ಇಲ್ಲ" ಎಂದಳು.

ನನ್ನ ಸ್ವಭಾವ ನಿನಗೆ ಗೊತ್ತು. ಒಂದು ಭಾನುವಾರ ಇಡೀ ದಿನ, ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ ಗೂಡಿನ ಮುಂದೆ ಕೂತೆ. ತೂತಿಗೆ ತಗಡು ಬಡಿದೆ, ತಗಡಿನ ಮುಂದೆ ಇಟ್ಟಿಗೆ ಇಟ್ಟೆ. ಹಳೆಯ ಜಾಲರಿಯ ಮೇಲೆ ಬೆರಳು ಕೂಡ ತೂರದಂಥ ಸಣ್ಣ ಕಣ್ಣಿನ ಹೊಸ ಜಾಲರಿ ಹಾಕಿ, ಎರಡನ್ನೂ ಸೇರಿಸಿ ತಂತಿಯಲ್ಲಿ ಹೊಲಿದೆ. ಕೋಟಿನ ತೋಳು ಕೂರಿಸುವಾಗಲೂ ಅಷ್ಟು ಒತ್ತಾಗಿ ನಾನು ಹೊಲಿದಿಲ್ಲ. ಮಾಡಿನ ಅಂಚುಗಳಿಗೆ ಹಲಗೆ ಹೊಡೆದೆ. ಬಾಗಿಲಿಗೆ ಹೊಸ ಸ್ಪ್ರಿಂಗ್ ಚಿಲಕ ತಂದೆ. ಬಾಗಿಲು ಎಳೆದರೆ ಸಾಕು, ತಾನೇ ಬೀಳುತ್ತದೆ. "ಒಳಗಿಂದ ಏನ್ ಮಾಡಿದ್ರೂ ತೆಗೆಯಕ್ಕಾಗಲ್ಲ, ಅದೇ ಇದರ ಸ್ಪೆಷಾಲಿಟಿ" ಎಂದ ಕಬ್ಬಿಣದ ಅಂಗಡಿಯವನು. ಕೋಳಿ ಯಾಕೆ ಒಳಗಿನಿಂದ ಚಿಲಕ ತೆಗೆಯುತ್ತದೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಾಲದು ಎಂದು ಮೇಲೊಂದು ಬೀಗ. ಸಂಜೆ ಕೋಳಿಗಳನ್ನು ಒಳಗೆ ಸೇರಿಸಿ ಬೀಗ ಜಗ್ಗಿ ನೋಡಿ ಮೀಸೆ ತಿರುವಿದೆ. ಫೋಟೋ ತೆಗೆದು ನಿನ್ನ ತಂಗಿಯ ಫೋನಿಗೆ ಕಳಿಸಬೇಕು ಎಂದುಕೊಂಡೆ. ನನ್ನ ಬೀಗಗಳನ್ನು ಆಡಿಕೊಳ್ಳುತ್ತಿದ್ದೆಯಲ್ಲ, ನೋಡು ಈಗ, ಎಂದು.

ರಾತ್ರಿ ಮಲಗಿದ ಮೇಲೆ ಕೋಳಿಗಳ ಕೂಗಾಟ ಕೇಳಿತು. ಜೋರಾಗಿಯೇ ಕೇಳಿತು. ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಕಳ್ಳ ಬಂದಿದ್ದಾನೆ, ಒಳಗೆ ನುಗ್ಗಲು ದಾರಿ ಸಿಗದೆ ಹೊರಗೆ ಒದ್ದಾಡುತ್ತಿದ್ದಾನೆ, ಒದ್ದಾಡಲಿ ಎಂದು ನಕ್ಕು ಮಗ್ಗಲು ಬದಲಿಸಿದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಸೋತು ಹೋದ ಎಂದುಕೊಂಡು ಹಾಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಬೀಗ ತೆಗೆದು ಚಿಲಕ ಎಳೆದೆ. ಬಾಗಿಲು ಒಳಕ್ಕೆ ಸರಿಯಲಿಲ್ಲ, ಏನೋ ಒಳಗಿನಿಂದ ಒತ್ತಿಕೊಂಡ ಹಾಗೆ ಭಾರವಾಗಿತ್ತು. ಜೋರಾಗಿ ತಳ್ಳಿದೆ. ತಳ್ಳಿದ್ದೇ ತಡ, ಬೂದುಬಣ್ಣದ್ದೊಂದು ನನ್ನ ಎರಡು ಕಾಲುಗಳ ನಡುವೆ ನುಗ್ಗಿ ಗೋಡೆ ಹಾರಿ ಹೋಯಿತು. ಅದು ಹೊರಗಿನಿಂದ ಬರಲಿಲ್ಲ, ಕೇಳು. ಅದು ಒಳಗಿನಿಂದ ಹೋಯಿತು.

ಒಳಗೆ ಬಗ್ಗಿ ಮೇಲೆ ನೋಡಿದೆ. ಆಮೇಲೆ ತಿಳಿಯಿತು. ಸೆಖೆಗೆಂದು ನೀನು ಛಾವಣಿಯ ತಗಡಿನ ಕೆಳಗೆ ಗೋಣಿಚೀಲ ಕಟ್ಟಿದ್ದೀಯಲ್ಲ, ಅದರ ಮೇಲೆ, ತಗಡಿಗೂ ಚೀಲಕ್ಕೂ ನಡುವೆ ಅದು ಮನೆ ಮಾಡಿಕೊಂಡಿತ್ತು. ಹಗಲೆಲ್ಲ ಕೋಳಿಗಳು ಹಿತ್ತಲಲ್ಲಿ ಮೇಯುವಾಗ ಅದು ಅವುಗಳ ಮನೆಯ ಅಟ್ಟದಲ್ಲಿ ಮಲಗಿರುತ್ತಿತ್ತು. ಆ ತೂತು ಅದಕ್ಕೆ ಹೋಗಿಬರುವ ದಾರಿ. ಹಸಿದಾಗ ಒಂದನ್ನು ಹಿಡಿದು ಆ ದಾರಿಯಲ್ಲಿ ಹೊರಟುಹೋಗುತ್ತಿತ್ತು. ನಾನು ದಾರಿ ಮುಚ್ಚಿದೆ. ಅದನ್ನು ಒಳಗಿಟ್ಟು ಮುಚ್ಚಿದೆ. ಗಾಬರಿಯಾದ ಬೆಕ್ಕು ಕಂಡದ್ದನ್ನೆಲ್ಲ ಕಚ್ಚಿ ಹಾಕಿತ್ತು, ತಿನ್ನಲಿಕ್ಕಲ್ಲ. ಇಡೀ ಭಾನುವಾರ ಗೂಡಿನ ಸುತ್ತ ಕೂತ ನಾನು ಒಂದೇ ಒಂದು ಸಲ ತಲೆ ಎತ್ತಿ ಮೇಲೆ ನೋಡಲಿಲ್ಲ.

ಬಾಗಿಲು ಯಾಕೆ ಭಾರವಾಗಿತ್ತು ಎಂದು ಬರೆಯಬಾರದು ಎಂದುಕೊಂಡಿದ್ದೆ. ಸತ್ತ ಕೋಳಿಗಳೆಲ್ಲ ಬಾಗಿಲ ಹತ್ತಿರವೇ ಸತ್ತಿದ್ದವು. ಒಂದರ ಮೇಲೊಂದು. ಗೂಡು ಅಷ್ಟು ಉದ್ದ ಇದೆ, ಮೂಲೆಗಳಿವೆ, ಮೊಟ್ಟೆಯ ಪೆಟ್ಟಿಗೆಗಳಿವೆ. ಎಲ್ಲ ಬಿಟ್ಟು ಬಾಗಿಲಿಗೆ ಬಂದಿದ್ದವು. ದಿನಾ ಬೆಳಿಗ್ಗೆ ತೆರೆಯುವ ಬಾಗಿಲು ಅಲ್ಲವೇ? ಮೇಸ್ತ್ರಿ ಎಲ್ಲರ ಮೇಲೆ ರೆಕ್ಕೆ ಬಿಚ್ಚಿಕೊಂಡು ಬಿದ್ದಿದ್ದ. ನಿನ್ನ ಹೇಂಟೆಗಳಲ್ಲಿ ಜರಿ ಇಲ್ಲ, ಬೂದಿ ಇಲ್ಲ. ಗುಂಡಿಯೂ ಇನ್ನೊಂದಿಷ್ಟು ಹೇಂಟೆಗಳೂ ಮೊಟ್ಟೆಪೆಟ್ಟಿಗೆಯ ಹಿಂದೆ ಉಳಿದುಕೊಂಡಿದ್ದವು. ನಾನು ಅಳಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಅತ್ತೆ ಎಂದೇ ಬರೆಯುತ್ತೇನೆ.

ಕಾಲರ್ ಬದುಕಿದೆ. ಅದನ್ನು ಹೇಳಲಿಕ್ಕೇ ಬೇಗ ಬೇಗ ಇಲ್ಲಿಯ ತನಕ ಬಂದೆ.

ಕುತ್ತಿಗೆಗೆ ಬಿಳಿ ಪಟ್ಟಿ ಇದ್ದದ್ದಕ್ಕೆ ನಾನೇ ಅಲ್ಲವೇ ಆ ಹೆಸರಿಟ್ಟದ್ದು. ಅದೇ ಪಟ್ಟಿಯ ಕೆಳಗೆ ಕಚ್ಚಿತ್ತು. ಎತ್ತಿಕೊಂಡು ಅಡುಗೆಮನೆಗೆ ತಂದೆ. ಕಣ್ಣು ಬಿಟ್ಟಿತು. ಬದುಕಿದೆಯಲ್ಲ ಎಂಬ ಸಂತೋಷಕ್ಕೆ ನೆನೆದ ಅಕ್ಕಿ ಮುಂದಿಟ್ಟೆ. ತಿಂದಿತು, ಪಾಪ, ಆಸೆಯಿಂದ ತಿಂದಿತು. ತಿಂದ ಅಕ್ಕಿ ಕುತ್ತಿಗೆಯ ಬುಡದಿಂದ ಟಪಟಪ ನೆಲಕ್ಕೆ ಬಿತ್ತು. ಕಾಳು ಹೋಗಿ ಸೇರುವ ಚೀಲವೇ ಹರಿದಿತ್ತು. ಅದಕ್ಕೆ ತಿಳಿಯದು, ಬಿದ್ದ ಅಕ್ಕಿಯನ್ನೇ ಮತ್ತೆ ಹೆಕ್ಕುತ್ತಿತ್ತು.

ನರ್ಸಮ್ಮ ಡ್ಯೂಟಿಗೆ ಹೊರಟವಳು ನನ್ನ ಕೂಗಿಗೆ ಓಡಿಬಂದಳು. ಡಾಕ್ಟರ ಹತ್ತಿರ ಒಯ್ಯಿರಿ ಎಂದಳು. ನನಗೆ ಕೇಳಿಸಲೇ ಇಲ್ಲ. ಹರಿದದ್ದನ್ನು ಕಂಡರೆ ನನ್ನ ಕೈ ಸೂಜಿಗೇ ಹೋಗುತ್ತದೆ. ಅವಳಿಂದ ಟವೆಲಿನಲ್ಲಿ ಸುತ್ತಿಸಿ, ತಲೆಗೂ ಬಟ್ಟೆ ಮುಚ್ಚಿ ಹಿಡಿಸಿ, ಸೂಜಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಸಿಲ್ಕಿನ ದಾರ ಪೋಣಿಸಿ ಹೊಲಿದುಬಿಟ್ಟೆ. ಅಕ್ಕಪಕ್ಕ ಹಲ್ಲಿನ ಗುರುತಿನ ತೂತುಗಳಿದ್ದವು. ಅವನ್ನೂ ಬಿಡಲಿಲ್ಲ, ಒಂದೊಂದಕ್ಕೆ ಒಂದೊಂದು ಹೊಲಿಗೆ ಟಾಕಿ. ಸಂದು ಕಾಣದ ಹಾಗೆ ಹೊಲಿದು ಬೆನ್ನು ತಟ್ಟಿಕೊಂಡೆ. ಮರುದಿನ ಕುತ್ತಿಗೆ ಊದಿಕೊಂಡಿತು. ಮೈ ಕೆಂಡದಂತಾಯಿತು. ಆಗ ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದೆ.

ಡಾಕ್ಟರು ನಮ್ಮ ಮದುವೆಯಾದಾಗ ನೀನು ಇದ್ದಷ್ಟು ವಯಸ್ಸಿನ ಹುಡುಗಿ. ಪುಕ್ಕ ಸರಿಸಿ ನೋಡಿ, ಯಾರು ಹೊಲಿದದ್ದು ಎಂದು ಕೇಳಿದಳು. ನಾನೇ ಎಂದೆ, ಸ್ವಲ್ಪ ಜಂಬದಿಂದಲೇ. "ಹೊಲಿಗೆ ತುಂಬಾ ಚೆನ್ನಾಗಿದೆ ಯಜಮಾನ್ರೆ. ಆದ್ರೆ ಮಾಡಿರೋದೆಲ್ಲ ತಪ್ಪು" ಎಂದಳು. ಚೀಲ ಬೇರೆ, ಚರ್ಮ ಬೇರೆ. ಎರಡನ್ನೂ ಸೇರಿಸಿ ಹೊಲಿಯಬಾರದಂತೆ. ನಾಚಿಕೆಯಾಯಿತು. ಲೈನಿಂಗನ್ನೂ ಮೇಲುಬಟ್ಟೆಯನ್ನೂ ಒಂದೇ ಹೊಲಿಗೆಗೆ ಹಿಡಿದ ಕೆಲಸಗಾರನನ್ನು ನಾನೇ ಒಂದು ಕಾಲಕ್ಕೆ ಅಂಗಡಿಯಿಂದ ಓಡಿಸಿದ್ದೆ. ಆದರೆ ಅದಕ್ಕಿಂತ ದೊಡ್ಡ ತಪ್ಪು ಆ ಹಲ್ಲಿನ ತೂತುಗಳದ್ದು. "ಬೆಕ್ಕು ಕಚ್ಚಿದ ಗಾಯ ಮುಚ್ಚಬಾರ್ದು. ಒಳಗಿನ ಕೊಳೆ ಎಲ್ಲಿಗೆ ಹೋಗ್ಬೇಕು ಹೇಳಿ? ನೀವು ಕಾಯಿಲೇನ ಒಳಗಿಟ್ಟು ಬಾಗಿಲು ಹಾಕ್ಬಿಟ್ಟಿದೀರ."

ಅವಳಿಗೆ ಗೂಡಿನ ಕಥೆ ನಾನು ಹೇಳಿರಲಿಲ್ಲ, ಆಣೆ. ಬುಟ್ಟಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟೆ. ಅವಳು ನನ್ನ ಟಾಕಿಗಳನ್ನೆಲ್ಲ ಕತ್ತರಿಸಿ, ಕೀವು ತೊಳೆದು, ಚೀಲವನ್ನಷ್ಟೇ ಹೊಲಿದು, ಹಲ್ಲಿನ ತೂತುಗಳನ್ನು ತೆರೆದೇ ಬಿಟ್ಟಳು. ತೆರೆದ ಗಾಯವನ್ನು ನೋಡಿಕೊಂಡು ಸುಮ್ಮನಿರುವುದು ನನ್ನಂಥವನಿಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತು.

ಈಗ ಕಾಲರ್ ಟ್ರಯಲ್ ರೂಮಿನಲ್ಲಿದೆ. ಗಾಯ ಕಂಡರೆ ಉಳಿದ ಕೋಳಿಗಳು ಅಲ್ಲಿಗೇ ಕುಕ್ಕುತ್ತವಂತೆ, ಅದಕ್ಕೆ ಬೇರೆ ಇಡಬೇಕು. ಬಟ್ಟೆಯ ಚೂರು ತುಂಬಿದ ಪೆಟ್ಟಿಗೆ, ಮೇಲೆ ಬೆಚ್ಚಗೆ ಒಂದು ಬಲ್ಬು. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ದಿನಾ ಗಾಯ ತೊಳೆದು, ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತೇನೆ. ಮೆತ್ತಗೆ ಕಲಸಿದ ಹಿಟ್ಟು, ಸ್ವಲ್ಪ ಸ್ವಲ್ಪ, ನನ್ನ ಬೆರಳಿನಿಂದಲೇ. ಬ್ಯಾಂಕಿನ ಗುಮಾಸ್ತರು ಪ್ಯಾಂಟು ಹಾಕಿ ನೋಡಲು ಪರದೆ ಸರಿಸಿ ಒಳಗೆ ಹೋದವರು ಒಂದು ಕಾಲು ಹಾಕಿಕೊಂಡೇ ಹೊರಗೆ ಬಂದರು. ಒಳಗೆ ಯಾರೋ ನೋಡ್ತಾ ಇದಾರೆ ಮಾಸ್ಟ್ರೇ ಎಂದರು. ಆ ಗಲಾಟೆಗೋ ಏನೋ, ಅವರ ಇನ್ನೊಂದು ಪ್ಯಾಂಟಿನ ಎರಡೂ ಜೇಬುಗಳ ಬಾಯಿಯನ್ನು ಹೊಲಿದು ಕೊಟ್ಟುಬಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ವಾಪಸು ತಂದು ಮೇಜಿನ ಮೇಲಿಟ್ಟು, ಕೈ ಒಳಗೆ ಹೋಗುವುದಿಲ್ಲ ಎಂದು ತೋರಿಸಿದರು. ಇಷ್ಟು ವರ್ಷಗಳಲ್ಲಿ ನನ್ನ ಕೈಯಿಂದ ಹೀಗೆ ಆಗಿಲ್ಲ. ಮಿಷನ್ನಿನ ಮುಂದೆ ಕೂತರೆ ಆ ಭಾರದ ಬಾಗಿಲೇ ಕೈಗೆ ಬರುತ್ತದೆ.

ಉಳಿದ ಕೋಳಿಗಳು ಸಂಜೆಯಾದರೆ ಗೂಡಿನ ಹತ್ತಿರ ಸುಳಿಯುವುದಿಲ್ಲ. ಸೀಬೆ ಮರದ ಕೆಳಗಿನ ಕೊಂಬೆಯಲ್ಲಿ ಸಾಲಾಗಿ ಕೂರುತ್ತವೆ. ಅಲ್ಲೇ ಬಿಡುವಂತಿಲ್ಲ, ಬೆಕ್ಕು ಇಲ್ಲೇ ಸುತ್ತುತ್ತಿದೆ. ಬೆಳಿಗ್ಗೆ ಹಸಿ ಮಣ್ಣಿನಲ್ಲಿ ಹೆಜ್ಜೆ ಇರುತ್ತದೆ. ಗೋಣಿಚೀಲ ಕಿತ್ತುಹಾಕಿದೆ. ಈಗ ಕತ್ತಲಾಗುವ ಮುಂಚೆ ನಾನೇ ಮೊದಲು ಗೂಡಿನೊಳಗೆ ತಲೆಹಾಕಿ, ಟಾರ್ಚು ಹಿಡಿದು ಮೇಲೆ, ಕೆಳಗೆ, ಪೆಟ್ಟಿಗೆಯ ಹಿಂದೆ ಎಲ್ಲ ನೋಡುತ್ತೇನೆ. ಆಮೇಲೆ ಒಂದೊಂದನ್ನೇ ಕೊಂಬೆಯಿಂದ ಎತ್ತಿ, ಎದೆಗೆ ಅವಚಿಕೊಂಡು ಒಳಗೆ ಬಿಡುತ್ತೇನೆ. ಬಾಗಿಲು ಹಾಕಿ ಅಲ್ಲೇ ಕಲ್ಲಿನ ಮೇಲೆ ಕೂತು, ಅವು ಗೊಣಗುವುದು ನಿಲ್ಲುವ ತನಕ ಕೇಳುತ್ತೇನೆ. ಮೊದಲು ಬೀಗ ಹಾಕಿದರೆ ನನ್ನ ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಆ ಸ್ಪ್ರಿಂಗ್ ಚಿಲಕವನ್ನು ಕಿತ್ತು ಬಿಸಾಡಿ ಹಳೆಯ ಮರದ ಅಗುಳಿಯನ್ನೇ ಹಾಕಿದ್ದೇನೆ. ಯಾಕೆ ಎಂದು ಕೇಳಬೇಡ. ಗೂಡು ತೊಳೆಯಲು ಹೋದ ದಿನ ಒಂದು ಸಣ್ಣ ವಿಷಯ ನಡೆಯಿತು, ಅದು ಕೋಳಿಗಳಿಗೆ ಸಂಬಂಧಪಟ್ಟದ್ದಲ್ಲ. ನರ್ಸಮ್ಮ ಫೋನಿನಲ್ಲಿ ಏನಾದರೂ ಹೇಳಿದರೆ ಅರ್ಧ ಮಾತ್ರ ನಂಬು.

ಆ ಶುಕ್ರವಾರದ ವಿಷಯ ಎತ್ತಬಾರದು ಎಂದುಕೊಂಡೇ ಇಷ್ಟೆಲ್ಲ ಬರೆದೆ. ಎತ್ತದೆ ಮುಗಿಸಲು ಆಗುತ್ತಿಲ್ಲ. ಹಿಂದಿನ ಬೀದಿಯಲ್ಲಿ ಕಳ್ಳತನವಾದ ಮೇಲೆ ನಾನು ದಾರ, ಗುಂಡಿ ತರಲು ಹೋಗುವಾಗಲೆಲ್ಲ ಗೇಟಿಗೆ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದೆ. ನೀನು ಹಿತ್ತಲಲ್ಲಿ ಕೋಳಿಗಳ ಜೊತೆ ಮೈಮರೆತು ಕೂರುತ್ತೀ, ಮುಂದಿನಿಂದ ಯಾರು ಬಂದರೂ ಗೊತ್ತಾಗದು ಎಂಬ ಭಯಕ್ಕೆ. ನಿನ್ನ ಒಳ್ಳೆಯದಕ್ಕೇ ಹಾಕಿದ್ದು, ಈಗಲೂ ಹಾಗೆಯೇ ಹೇಳುತ್ತೇನೆ. ನೀನು ಬಟ್ಟೆಕಲ್ಲಿನ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಳ್ಳುತ್ತೀ ಎಂದು ನನಗೇನು ಕನಸು ಬಿದ್ದಿತ್ತೇ? ನಾನು ಬಂದಾಗ ನೀನು ಗೇಟಿಗೆ ಬೆನ್ನು ಕೊಟ್ಟು ಕೂತಿದ್ದೆ. ನರ್ಸಮ್ಮ ಗೋಡೆಯ ಮೇಲಿಂದ ನೀರಿನ ಚೆಂಬು ಇಳಿಬಿಟ್ಟಿದ್ದಳು. ಕಳ್ಳ ಬಂದಿದ್ದರೆ ಏನು ಗತಿ ಎಂದು ನಾನು ಆಸ್ಪತ್ರೆಯ ದಾರಿಯುದ್ದಕ್ಕೂ ವಾದ ಮಾಡಿದೆ. ಮರುದಿನ ಚೀಲ ಹಿಡಿದು ಹೊರಡುವಾಗ ನೀನು, "ಕೋಳಿಗಳನ್ನ ನೋಡ್ಕೊಳ್ಳಿ. ಅವಕ್ಕಾದ್ರೆ ಗೂಡಲ್ಲಿರೋದು ಅಭ್ಯಾಸ" ಎಂದೆ. ಆಗ ಅದು ಕೊಂಕು ಎಂದು ನನಗೆ ಸಿಟ್ಟು ಬಂತು.

ಅಭ್ಯಾಸ ಇರಲಿಲ್ಲ, ಕಣೇ. ಅವಕ್ಕೂ ಇರಲಿಲ್ಲ. ಸತ್ತವೆಲ್ಲವೂ ಬಾಗಿಲ ಹತ್ತಿರವೇ ಇದ್ದವು.

ಗೇಟಿನ ಬೀಗ ಈಗ ಬಟ್ಟೆಯ ಬೀರುವಿಗೆ ಹೋಗಿದೆ. ಗೇಟಿಗೆ ಒಳಗಿನಿಂದಲೂ ಹೊರಗಿನಿಂದಲೂ ತೆಗೆಯಬಹುದಾದ ಸಾದಾ ಚಿಲಕ. ಕಳ್ಳ ಬಂದರೆ ಬರಲಿ, ಅವನಿಗೆ ಸಿಗುವುದು ಬ್ಯಾಂಕಿನ ಗುಮಾಸ್ತರ ಜೇಬಿಲ್ಲದ ಪ್ಯಾಂಟು. ಬಾ ಎಂದು ಕರೆಯುವ ಧೈರ್ಯ ನನಗಿಲ್ಲ. ಕರೆಯದೆ ಇರುವ ಧೈರ್ಯವೂ ಇಲ್ಲ. ಕಾಲರ್ ಇವತ್ತು ಬೆಳಿಗ್ಗೆ ತಿಂದದ್ದು ಕೆಳಗೆ ಬೀಳಲಿಲ್ಲ. ಮಧ್ಯಾಹ್ನ ಪೆಟ್ಟಿಗೆಯಿಂದ ತಾನೇ ಇಳಿದು ಬಂದು ಮಿಷನ್ನಿನ ಪೆಡಲಿನ ಮೇಲೆ ಕೂತಿತು. ಎಬ್ಬಿಸಲು ಮನಸ್ಸಾಗದೆ ಕೆಲಸ ನಿಲ್ಲಿಸಿ ಈ ಪತ್ರ ಬರೆಯಲು ಕೂತೆ.

ಹೊಲಿಯಬಾರದ್ದನ್ನೆಲ್ಲ ಹೊಲಿದು ಕೂತಿರುವ
ನಿನ್ನ ಮನೆಯವನು

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಈಗಷ್ಟೇ ನರ್ಸಮ್ಮ ಗೋಡೆಯ ಮೇಲಿಂದ ತಲೆಹಾಕಿ, "ಅಕ್ಕಂಗೆ ನೀವೇ ಹೇಳ್ತೀರೋ, ನಾನ್ ಹೇಳ್ಲೋ" ಎಂದು ಹೆದರಿಸಿ ಹೋದಳು. ಅವಳು ಹೇಳಿದರೆ ಉಪ್ಪುಖಾರ ಹಚ್ಚಿ ಹೇಳುತ್ತಾಳೆ, ನಾನೇ ಬರೆಯುತ್ತೇನೆ. ಸತ್ತವನ್ನೆಲ್ಲ ಹೂತು ಬಂದ ಮೇಲೆ ರಕ್ತ ತೊಳೆಯಲೆಂದು ಬಕೆಟ್ಟು ಹಿಡಿದು ಗೂಡಿನೊಳಗೆ ನುಸುಳಿದೆ. ಗಾಳಿಗೆ ಬಾಗಿಲು ಹಾಕಿಕೊಂಡಿತು. ಚಿಲಕ ಬಿತ್ತು, ಎಳೆದರೆ ಸಾಕು, ತಾನೇ ಬೀಳುವ ಚಿಲಕ. ಬೆರಳು ಹೊರಗೆ ಹಾಕಿ ತೆಗೆಯೋಣ ಎಂದರೆ ಬೆರಳು ತೂರದ ಜಾಲರಿ. ಒದ್ದರೆ ಅಲುಗದ ಇಟ್ಟಿಗೆ. ಎಲ್ಲವೂ ನನ್ನ ಕೈಯ ಕೆಲಸ, ಒಂದೂ ಬಿಟ್ಟುಕೊಡಲಿಲ್ಲ. ಫೋನು ಮಿಷನ್ನಿನ ಮೇಲೆ, ಅಂಗಡಿಯಲ್ಲಿ ರೇಡಿಯೋ ಜೋರಾಗಿ ಹಾಡುತ್ತಿತ್ತು. ಗಿರಾಕಿಗಳು ಬಂದು ಮಾಸ್ಟ್ರೇ, ಮಾಸ್ಟ್ರೇ ಎಂದು ಕರೆದು ಹೋದದ್ದೆಲ್ಲ ನನಗೆ ಕೇಳಿತು. ನನ್ನದು ಅವರಿಗೆ ಕೇಳಲಿಲ್ಲ. ಎದ್ದು ನಿಲ್ಲಲು ಎತ್ತರವಿಲ್ಲ, ಕುಕ್ಕರುಗಾಲಲ್ಲಿ ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದೆ, ನರ್ಸಮ್ಮ ಡ್ಯೂಟಿ ಮುಗಿಸಿ ಬರುವ ತನಕ. ತೆಗೆದಾಗ ಅವಳು ಮೊದಲು ನಕ್ಕಳು, ನನ್ನ ಮುಖ ನೋಡಿ ನಿಲ್ಲಿಸಿದಳು.

ಒಳಗೆ ಕೂತು ಬಹಳ ಹೊತ್ತು ನಾನು ನಿನ್ನನ್ನೇ ಕೂಗಿದೆ. ನೀನು ಊರಿನಲ್ಲೇ ಇಲ್ಲ ಎಂದು ಗೊತ್ತಿದ್ದೂ ಕೂಗಿದೆ, ಬಾಯಿಗೆ ಬೇರೆ ಯಾರೂ ಬರಲಿಲ್ಲ. ಆಮೇಲೆ ಒಂದು ಯೋಚನೆ ಬಂದು ಕೂಗುವುದನ್ನು ನಿಲ್ಲಿಸಿದೆ. ಬೈಗುಳ ಬರೆದರೂ ಓದುತ್ತೇನೆ, ಏನೂ ಬರೆಯದಿದ್ದರೂ ಕಾಯುತ್ತೇನೆ. ಬರೆದರೆ ಇದೊಂದನ್ನು ಮಾತ್ರ ಬರೆ: ಅವತ್ತು ಮುರಿದ ಕೈ ಹಿಡಿದುಕೊಂಡು ಆ ಗೇಟಿನ ಹಿಂದೆ ಕೂತಾಗ, ನೀನು ಯಾರನ್ನು ಕೂಗಿದೆ?